ಫ್ಯಾಕ್ಟರಿಯಿಂದ ಇಳಿದ ಹಾಗೆ ಒಂದು ಜೀಪು

ನನ್ನ ಭಾವನಿಗೆ ಹೊಸ ವಸ್ತು ಕಂಡರೆ ಆಗುವುದಿಲ್ಲ. ಹಾಗಾದರೆ ಹಳೆಯ ವಸ್ತುವಿನ ಮೇಲೆ ಪ್ರೀತಿ ಇರಬೇಕು ಎಂದುಕೊಂಡಿರಾ? ಅದೂ ಇಲ್ಲ. ಹಳೆಯ ವಸ್ತು ತಾನು ಹೊಸದಾಗಿದ್ದಾಗ ಹೇಗಿತ್ತೋ ಹಾಗಿರಬೇಕು, ಅದು ಅವರಿಗೆ ಬೇಕಾದದ್ದು! ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಗುಜರಿಯಲ್ಲಂತೂ ಸಿಗುವುದೇ ಇಲ್ಲ. ಆದ್ದರಿಂದ ಅವರೇ ಮಾಡಿಕೊಳ್ಳಬೇಕು. ಅವರೇ ಮಾಡಿಕೊಳ್ಳುತ್ತಾರೆ ಎಂದರೆ ಸುತ್ತಲಿರುವ ನಾವೆಲ್ಲ ಓಡಾಡಿ ಮಾಡಿಕೊಡಬೇಕು ಎಂದು ಅರ್ಥ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೊಮ್ಮನಹಳ್ಳಿಯ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಅದಕ್ಕೆ ಸಂಬಳ ಬೇರೆ ಕೊಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಆ ಬೇರಿಂಗು ಕೆಂಪು ಡಬ್ಬಿಗೆ ಬೀಳುತ್ತಿತ್ತು. ಸಂಜೆ ಕುಮಾರಸ್ವಾಮಿ ಲೇಔಟಿನ ಮನೆಗೆ ಬಂದ ಮೇಲೆ ಯೂನಿಫಾರಂ ಕಳಚುತ್ತಿದ್ದರೇ ಹೊರತು ಆ ಕಣ್ಣನ್ನು ಕಳಚಿಡಲು ಸಾಧ್ಯವಿತ್ತೇ? ಅಕ್ಕ ದೋಸೆ ಹಾಕಿಕೊಟ್ಟರೆ ಅದನ್ನು ಬೆಳಕಿಗೆ ಹಿಡಿದು, ಈ ಅಂಚಿನಲ್ಲಿ ಸ್ವಲ್ಪ ದಪ್ಪ ಬಂದಿದೆ ಎನ್ನುತ್ತಿದ್ದರು. ಅಕ್ಕ, ಸರಿ, ರಿಜೆಕ್ಟ್ ಮಾಡಿ, ನಾನೇ ತಿನ್ನುತ್ತೇನೆ ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಅವರೂ ತೆಪ್ಪಗೆ ತಿನ್ನುತ್ತಿದ್ದರು. ಹೀಗೆ ಸಂಸಾರ ಚೆನ್ನಾಗಿಯೇ ನಡೆದಿತ್ತು.

ನಿವೃತ್ತಿಯಾದ ಮೇಲೆ ತೊಂದರೆ ಶುರುವಾಯಿತು. ಈ ಮನುಷ್ಯ ಕೂತಲ್ಲಿ ಕೂರುವವರಲ್ಲ. ಕೂತರೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಮೊದಲ ವಾರ ಮನೆಯ ಗೋಡೆಗಳ ಮೇಲಿನ ಪಟಗಳನ್ನೆಲ್ಲ ಮಟ್ಟಗೋಲು ಹಿಡಿದು ನೇರ ಮಾಡಿದರು. ಎರಡನೆಯ ವಾರ ನಲ್ಲಿಗಳನ್ನೆಲ್ಲ ಎಷ್ಟು ಬಿಗಿ ಮಾಡಿದರೆಂದರೆ ನೀರು ಬೇಕಾದಾಗಲೆಲ್ಲ ಅವರನ್ನೇ ಕರೆಯಬೇಕಾಯಿತು. ಆಮೇಲೆ ಮನೆ ಸಾಲದೆ ಬೀದಿಗೆ ಇಳಿದರು. ಎದುರು ಮನೆಯ ಗೇಟು ವಾರೆಯಾಗಿದೆ ಎಂದು ಅವರಿಗೇ ಹೋಗಿ ಹೇಳಿದರು. ನಿಲ್ದಾಣದಲ್ಲಿ ನಿಂತಿದ್ದ ಸಿಟಿ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಡಗಡೆ ಹಿಂದಿನ ಚಕ್ರ ಸರಿಯಿಲ್ಲ ಎಂದು ಡ್ರೈವರನಿಗೆ ತಿಳಿಸಿದರು. ಪ್ರಯಾಣಿಕರಲ್ಲಿ ಕೆಲವರು ಇಳಿದೂ ಬಿಟ್ಟರಂತೆ!

ಒಂದು ಬೆಳಗ್ಗೆ ಅಕ್ಕ ನನಗೆ ಫೋನು ಮಾಡಿದಳು. ನಾನಿರುವುದು ಜಯನಗರದಲ್ಲಿ, ಒಂದು ವಿಮಾ ಕಚೇರಿಯಲ್ಲಿ ಕೆಲಸ.

"ಇವ್ರಿಗೆ ಎಲ್ಲಾದ್ರೂ ಒಂದು ಕೆಲಸ ನೋಡೆ," ಎಂದಳು. "ಇಲ್ಲಾಂದ್ರೆ ನಾನೇ ಎಲ್ಲಾದ್ರೂ ಸೇರ್ಕೋತೀನಿ."

ನಾನು ಹುಡುಕುವ ಮೊದಲೇ ಕೆಲಸವೇ ಅವರನ್ನು ಹುಡುಕಿಕೊಂಡು ಬಂತು. ಭಾವ ದುಡಿದಿದ್ದ ಕಾರ್ಖಾನೆ ಬೇರೆ ಕಡೆಗೆ ಹೋಗುವುದೆಂದು ತೀರ್ಮಾನವಾಗಿ, ಹಿಂದಿನ ಶೆಡ್ಡು ಖಾಲಿ ಮಾಡುತ್ತಿದ್ದರು. ಅಲ್ಲಿ ಒಂದು ಪುರಾತನ ಜೀಪು ಬಿದ್ದಿತ್ತು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ, ಹಿಂದೆ ಯಾವಾಗಲೋ ಸೈನ್ಯದಲ್ಲಿದ್ದು, ಆಮೇಲೆ ಕೈಯಿಂದ ಕೈಗೆ ದಾಟಿ ಕೊನೆಗೆ ಕಾರ್ಖಾನೆಗೆ ಬಂದು ತಣ್ಣಗಾದ ಜೀಪು. ಸರ್ವಿಸಿನಲ್ಲಿದ್ದಷ್ಟು ದಿನ ಊಟದ ಬಿಡುವಿನಲ್ಲಿ ಭಾವ ಅದರ ಪಕ್ಕ ನಿಂತು ಡಬ್ಬಿ ಖಾಲಿ ಮಾಡುತ್ತಿದ್ದರಂತೆ. ಈಗ ಅದನ್ನು ಒಡೆಯುವವರಿಗೆ ಕೊಡುತ್ತಾರೆ ಎಂದು ಕೇಳಿದ್ದೇ ಓಡಿದರು. ಅದೇ ಸಂಜೆ ಒಂದು ಲಾರಿ ಆ ಅವಶೇಷವನ್ನು ಅಕ್ಕನ ಮನೆಯ ಮುಂದೆ ಇಳಿಸಿತು.

ಪಕ್ಕದ ಮನೆಯಾಕೆ ಹೊರಗೆ ಬಂದು ನೋಡಿ, ಗುಜರಿಯವನು ತಪ್ಪಿ ನಿಮ್ಮ ಮನೆ ಮುಂದೆ ಇಳಿಸಿದ್ದಾನೆ ಎಂದು ಅಕ್ಕನಿಗೆ ಎಚ್ಚರಿಕೆ ಕೊಟ್ಟರು. ಭಾವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಹಳೆಯ ಸ್ನೇಹಿತನ ಕೋಟಿನ ಗುಂಡಿ ಬಿಚ್ಚುವವರ ಹಾಗೆ ಬಾನೆಟ್ಟು ಎತ್ತಿದರು. ಇಂಜಿನ್ನಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು! ನಮ್ಮದು ಲಿಂಗಧಾರಿಗಳ ಮನೆ. ಮೊಟ್ಟೆ ಎಂಬ ಪದವನ್ನೂ ಅಕ್ಕ ಮೆಲ್ಲಗೆ ಉಚ್ಚರಿಸುತ್ತಾಳೆ. ಅಂಥ ಮನೆಯ ಅಂಗಳಕ್ಕೆ ಸಂಸಾರಸಮೇತ ಬಂದಿಳಿದ ಕೋಳಿಯನ್ನು ಏನು ಮಾಡುವುದು? ನಾವೆಲ್ಲ ಗಾಬರಿಯಾಗಿ ನಿಂತಿದ್ದರೆ ಭಾವ ಅದನ್ನು ದೀರ್ಘವಾಗಿ ಪರಿಶೀಲಿಸಿ ತೀರ್ಪು ಕೊಟ್ಟರು:

"ಇದು ಒರಿಜಿನಲ್ ಅಲ್ಲ."

ಕೋಳಿ ಪಕ್ಕದ ಸೈಟಿನಲ್ಲಿ ಕಟ್ಟಡ ಕಾಯುತ್ತಿದ್ದವರ ಮನೆಗೆ ಹೋಯಿತು. ಜೀಪು ನಮ್ಮ ಪಾಲಿಗೆ ಉಳಿಯಿತು. ಜೀಪನ್ನೇ ಅವರಿಗೆ ಕೊಟ್ಟು ಕೋಳಿ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಸಾಮಾನ್ಯ ಮನುಷ್ಯರಾದರೆ ಇಂಥ ಗಾಡಿಗೆ ಒಂದು ಡೀಸೆಲ್ ಇಂಜಿನ್ ಕೂರಿಸಿ, ಮೆತ್ತನೆಯ ಸೀಟು ಹಾಕಿಸಿ, ಮಿರಮಿರ ಮಿಂಚುವ ಬಣ್ಣ ಹೊಡೆಸಿ, ಮೈಸೂರಿಗೊಮ್ಮೆ ಹೋಗಿಬರುತ್ತಾರೆ. ಭಾವನ ಸಂಕಲ್ಪವೇ ಬೇರೆ. ಫ್ಯಾಕ್ಟರಿಯಿಂದ ಇಳಿದ ಹಾಗೆ! ಆ ದಿನ ಅದರಲ್ಲಿ ಯಾವ ಸ್ಕ್ರೂ ಇತ್ತೋ ಅದೇ ಸ್ಕ್ರೂ, ಯಾವ ಬಣ್ಣವಿತ್ತೋ ಅದೇ ಬಣ್ಣ, ಎಲ್ಲಿ ಕಿರಿಕಿರಿ ಶಬ್ದ ಬರುತ್ತಿತ್ತೋ ಅಲ್ಲೇ ಅದೇ ಶಬ್ದ. ಬೆಳಗ್ಗೆ ಪೂಜೆ ಮುಗಿಸಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಪೋರ್ಟಿಕೋಗೆ ಬಂದರೆ, ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ಗ್ರೀಸಿನ ನಾಲ್ಕನೆಯ ಗೆರೆ ಮೂಡಿರುತ್ತಿತ್ತು. ಬಟ್ಟೆ ಒಣಹಾಕುವ ತಂತಿಯ ಮೇಲೆ ಗೇರುಗಳು ನೇತಾಡಿದವು. ತುಳಸಿಕಟ್ಟೆಯ ಸುತ್ತ ನಟ್ಟುಗಳು ಬಿಸಿಲು ಕಾಯಿಸಿಕೊಂಡವು. ಅಕ್ಕ ಹಪ್ಪಳ ಇಡಲು ಪಕ್ಕದ ಮನೆಯ ಟೆರೇಸು ಕೇಳಬೇಕಾಯಿತು.

ಬಣ್ಣದ ಕಥೆ ಕೇಳಿ. ಜೀಪಿನ ಮೇಲೆ ಬಣ್ಣದ ಪದರಗಳು ಈರುಳ್ಳಿಯ ಹಾಗಿದ್ದವು. ಮೇಲೆ ಬೂದು, ಕೆಳಗೆ ನೀಲಿ, ಅದರ ಕೆಳಗೆ ಯಾರೋ ರಸಿಕರು ಬಳಿದ ಕೇಸರಿ. ಭಾವ ಬ್ಲೇಡಿನಿಂದ ಕೆರೆಯುತ್ತ ಕೆರೆಯುತ್ತ, ಕೊನೆಗೆ ಸ್ಟೀರಿಂಗಿನ ಹಿಂದೆ ಯಾರ ಕುಂಚವೂ ಮುಟ್ಟದ ಉಗುರಗಲದ ಜಾಗದಲ್ಲಿ ಮೂಲ ಬಣ್ಣವನ್ನು ಕಂಡುಹಿಡಿದರು. ಹಸಿರು. ಆದರೆ ಎಂಥ ಹಸಿರು? ಬನಶಂಕರಿಯ ಬಣ್ಣದಂಗಡಿಯವನು ಕಂಪ್ಯೂಟರಿನಲ್ಲಿ ಬೆರೆಸಿ ತೋರಿಸಿದ ಯಾವ ಹಸಿರೂ ಅದಲ್ಲ. ಒಂದರಲ್ಲಿ ಹಳದಿ ಹೆಚ್ಚು, ಇನ್ನೊಂದರಲ್ಲಿ ಕಪ್ಪು ಕಡಿಮೆ. ಅಂಗಡಿಯವನು ಮೊದಲು ಸಾರ್ ಎನ್ನುತ್ತಿದ್ದ, ಆಮೇಲೆ ಅಂಕಲ್ ಎಂದ, ಕೊನೆಗೆ ಇವರನ್ನು ಕಂಡ ಕೂಡಲೇ ಊಟಕ್ಕೆ ಹೋಗತೊಡಗಿದ.

ಅದೇ ಸಮಯಕ್ಕೆ ಜೆ.ಪಿ. ನಗರದ ಒಂದು ಕಲ್ಯಾಣಮಂಟಪದಲ್ಲಿ ನಮ್ಮ ನೆಂಟರ ಮದುವೆ. ಧಾರೆಯ ಹೊತ್ತಿನಲ್ಲಿ ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ ಭಾವ ಮಾತ್ರ ಎರಡನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಅಪರಿಚಿತ ಹೆಂಗಸನ್ನೇ ನೋಡುತ್ತಿದ್ದರು. ಎದ್ದು ಆಕೆಯ ಹಿಂದಿನ ಕುರ್ಚಿಗೆ ಹೋದರು. ಮುಂದಕ್ಕೆ ಬಾಗಿದರು. ಆಕೆ ಸೆರಗು ಸರಿಮಾಡಿಕೊಂಡರು. ಭಾವನ ತಲೆ ಸೆರಗಿನ ಜೊತೆಗೇ ಆ ಕಡೆಗೆ ತಿರುಗಿತು. ಆಕೆಯ ಗಂಡ ಕುರ್ಚಿಯಿಂದ ಎದ್ದಾಗ ಅಕ್ಕ ನನ್ನ ಕೈ ಹಿಡಿದೆಳೆದುಕೊಂಡು ಓಡಿದಳು. ಆ ಸೀರೆಯ ಅಂಚು, ನಮ್ಮ ಜೀಪಿನ ಹಸಿರು! ಅಕ್ಕ ಆ ದಂಪತಿಗಳಿಗೆ ಹೇಗೆ ವಿವರಿಸಿದಳೋ, ನಾನಂತೂ ನಾಚಿಕೆಯಿಂದ ತಲೆ ಎತ್ತಲಿಲ್ಲ. ಆದರೆ ಆಕೆ ದೊಡ್ಡ ಮನಸ್ಸಿನವರು. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಕೊಟ್ಟರು. ಭಾವ ಅದನ್ನು ವೀಳ್ಯದೆಲೆಯಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು, ಊಟಕ್ಕೂ ಕೂರದೆ ಬಣ್ಣದಂಗಡಿಗೆ ಹೋದರು. ಮದುವೆಯ ಆಲ್ಬಂನಲ್ಲಿ ಅವರಿರುವುದು ಒಂದೇ ಫೋಟೋದಲ್ಲಿ. ಅದರಲ್ಲೂ ಬೆನ್ನು.

ಹಾರನ್ನಿನದು ಇನ್ನೊಂದು ಅಧ್ಯಾಯ. ಹಾರನ್ ಸಿಕ್ಕಿತು, ಆದರೆ ಅದರ ದನಿ ಸರಿಯೇ ಎಂದು ಹೇಳುವವರು ಯಾರು? ಮೊದಲು ಅದು ಹೇಗೆ ಕೂಗುತ್ತಿತ್ತೆಂದು ಕೇಳಿದವರೇ ಬೇಕಲ್ಲ. ಯಡಿಯೂರು ಕೆರೆಯ ಸುತ್ತ ವಾಕಿಂಗ್ ಬರುವವರಲ್ಲಿ ಇಂಥ ಜೀಪು ಓಡಿಸಿದ್ದ ಒಬ್ಬ ಹಿರಿಯರಿದ್ದಾರೆಂದು ಯಾರೋ ಹೇಳಿದರು. ನನ್ನ ಸ್ಕೂಟರಿನ ಹಿಂದೆ ಕೂತು ಭಾವ ಅಲ್ಲಿಗೆ ಬಂದರು. ಹಿರಿಯರು ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು, ಹೊಟ್ಟೆಯಾಳದಿಂದ "ಪ್ಯಾಂ" ಎಂದರು. ಭಾವ ಅದನ್ನು ಅನುಕರಿಸಿದರು. ಹಿರಿಯರು ಅಡ್ಡಡ್ಡ ತಲೆಯಾಡಿಸಿದರು; ಮೂಗಿನಲ್ಲಲ್ಲ, ಗಂಟಲಲ್ಲಿ ಬರಬೇಕಂತೆ. ಮತ್ತೆ ಅವರು, ಮತ್ತೆ ಇವರು. ಹತ್ತಿರದಲ್ಲೇ ಬೆಳಗಿನ ನಗೆಕೂಟದವರು ಸೇರಿದ್ದರು. ಇದೇನೋ ಹೊಸ ಪ್ರಾಣಾಯಾಮ ಎಂದುಕೊಂಡು ಅವರಲ್ಲಿ ಇಬ್ಬರು ಬಂದು ಸಾಲಿನಲ್ಲಿ ನಿಂತರು. ನೋಡುನೋಡುತ್ತ ಅರ್ಧ ಕೂಟವೇ ಸೊಂಟಕ್ಕೆ ಕೈಯಿಟ್ಟು ಕೆರೆಯ ಕಡೆ ಮುಖ ಮಾಡಿ ಹಾರನ್ ಹೊಡೆಯತೊಡಗಿತು. ನೀರಿನ ಮೇಲಿದ್ದ ಹಕ್ಕಿಗಳು ಒಟ್ಟಿಗೆ ಎದ್ದು ಹಾರಿಹೋದವು. ಅದರಿಂದ ಮಲಬದ್ಧತೆಗೆ ಒಳ್ಳೆಯ ಗುಣ ಸಿಕ್ಕಿತೆಂದು ಒಬ್ಬರು ಆಮೇಲೆ ಭಾವನಿಗೆ ಧನ್ಯವಾದ ಹೇಳಿದ್ದು ಮಾತ್ರ ನಿಜ.

ಅಂತೂ ಇಂತೂ ಜೀಪು ಎದ್ದು ನಿಂತಿತು. ಮೊದಲ ಪರೀಕ್ಷಾ ಸವಾರಿಗೆ ಅಕ್ಕ ಬರಲಿಲ್ಲ, ಬಲಿಯಾದವಳು ನಾನು. ಹೊರಡುವಾಗ ಬಿಸಿಲಿತ್ತು. ಬನಶಂಕರಿ ದೇವಸ್ಥಾನದ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ವೈಪರ್ ಹಾಕಿ ಭಾವ ಎಂದೆ. ಆಗ ತಿಳಿಯಿತು ನೋಡಿ, ಫ್ಯಾಕ್ಟರಿಯಿಂದ ಇಳಿಯುವುದೆಂದರೆ ಏನೆಂದು! ಡ್ರೈವರನ ಕಡೆಯ ವೈಪರು ಇಂಜಿನ್ ಎಳೆಯುವ ಗಾಳಿಯಿಂದ ಆಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ನಿಂತುಹೋಗುತ್ತದೆ, ಬಿಟ್ಟರೆ ಆಡುತ್ತದೆ. ಅಂದರೆ ಮುಂದೆ ಹೋಗಬೇಕೋ, ಮುಂದೇನಿದೆ ಎಂದು ಕಾಣಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎಡಗಡೆಯ ವೈಪರಿಗೆ ಆ ಗೊಂದಲವೂ ಇಲ್ಲ. ಅದಕ್ಕೆ ಒಂದು ಹಿಡಿಕೆ ಇದೆ, ಕೂತವರು ಕೈಯಿಂದ ತಿರುಗಿಸಬೇಕು. ಬಾಗಿಲುಗಳಿಲ್ಲ, ಆದ್ದರಿಂದ ಮಳೆ ಎರಡೂ ಕಡೆಯಿಂದ ಒಳಗೆ ಬಂದು ಹೋಗುತ್ತಿತ್ತು. ನಾನು ಒಂದು ಕೈಯಲ್ಲಿ ವೈಪರ್ ತಿರುಗಿಸುತ್ತ, ಇನ್ನೊಂದರಲ್ಲಿ ಸೀಟು ಹಿಡಿದುಕೊಂಡು, ಎಮ್ಮೆ ಬಂತು, ಆಟೋ ಬಂತು ಎಂದು ವರದಿ ಒಪ್ಪಿಸುತ್ತಿದ್ದೆ. ಭಾವ ಆನಂದದಿಂದ ಒದ್ದೆಯಾಗುತ್ತಿದ್ದರು.

ಸಿಗ್ನಲಿನಲ್ಲಿ ಪೊಲೀಸಿನವರು ನಿಲ್ಲಿಸಿದರು. ತಿರುವಿನ ದೀಪಗಳು ಈ ಗಾಡಿಯಲ್ಲಿ ಇರಲಿಲ್ಲವಾದ್ದರಿಂದ ಭಾವ ಕೈ ಹೊರಚಾಚಿ ಸೂಚನೆ ಕೊಡುತ್ತಿದ್ದರು. ಮಳೆ ನಿಂತಿದೆಯೇ ಎಂದು ನೋಡುತ್ತಿದ್ದಾರೆಂದು ಹಿಂದಿನವರು ತಿಳಿದು ಗುದ್ದುವಷ್ಟು ಹತ್ತಿರ ಬಂದಿದ್ದರು. ಆದರೆ ಪೊಲೀಸಿನವರ ಕಣ್ಣು ಹೋದದ್ದು ಅಲ್ಲಿಗಲ್ಲ. ಜೀಪಿನ ಪಕ್ಕೆಗೆ ಪಟ್ಟಿಯಿಂದ ಬಿಗಿದಿದ್ದ ಒಂದು ಸಲಿಕೆ ಮತ್ತು ಒಂದು ಕೊಡಲಿಯ ಮೇಲೆ.

"ಕೊಡ್ಲಿ ಯಾಕ್ ಸಾರ್ ಇಟ್ಕೊಂಡಿದೀರಾ?"

"ಒರಿಜಿನಲ್ ಅದು. ಗಾಡಿ ಜೊತೆ ಬಂದಿರೋದು."

"ಅದ್ಸರಿ, ಯಾಕೆ?"

ಭಾವ ಮಳೆಯಲ್ಲಿ ಇಳಿದು, ಸೈನ್ಯದವರು ಕಾಡಿನಲ್ಲಿ ದಾರಿ ಮಾಡಿಕೊಳ್ಳುವ ಬಗೆಯನ್ನು ವಿವರಿಸತೊಡಗಿದರು. ಹಿಂದೆ ಹಾರನ್‌ಗಳ ಮೇಳ. ಪೊಲೀಸಿನವರು ನನ್ನ ಮುಖ ನೋಡಿದರು. ತಲೆಯಿಂದ ನೀರಿಳಿಸಿಕೊಂಡು ನಾನು ಇನ್ನೂ ವೈಪರ್ ತಿರುಗಿಸುತ್ತಲೇ ಇದ್ದೆ, ಅಭ್ಯಾಸವಾಗಿಬಿಟ್ಟಿತ್ತು. ಅವರಿಗೆ ಏನನ್ನಿಸಿತೋ, ಹೋಗಿ ಮೇಡಂ, ನಿಧಾನ ಎಂದು ಕೈಬೀಸಿ ಕಳಿಸಿಬಿಟ್ಟರು.

ಇಷ್ಟೆಲ್ಲ ಹೇಳಿದ ಮೇಲೆ ಜೀಪಿನ ಪ್ರತಾಪವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆ ಮಳೆಗಾಲದಲ್ಲಿ ಬಿ.ಟಿ.ಎಂ. ಲೇಔಟಿನ ಒಂದು ಅಡ್ಡರಸ್ತೆಯನ್ನು ಪೈಪು ಹಾಕಲು ಅಗೆದು ಹಾಗೇ ಮುಚ್ಚಿದ್ದರು. ಅದರಲ್ಲಿ ಅಂಗಳದಷ್ಟು ಅಗಲದ ಒಂದು ಹೊಸ ಕಾರು ಹೂತುಕೊಂಡಿತ್ತು. ತನ್ನಷ್ಟಕ್ಕೆ ಹೊತ್ತುವ ದೀಪ, ಮಾತಾಡುವ ಪರದೆ, ಎಲ್ಲ ಇದ್ದ ಕಾರು. ಮೇಲೆ ಬರುವುದೊಂದು ಬಿಟ್ಟು. ಭಾವ ಹಗ್ಗ ಕಟ್ಟಿದರು. ಒಳಗೆ ಏನೋ ಒಂದು ಚಿಕ್ಕ ಕೋಲನ್ನು ಎಳೆದರು. ನಾಲ್ಕೂ ಚಕ್ರಗಳು ಒಟ್ಟಿಗೆ ನೆಲ ಕಚ್ಚಿದವು. ಜೀಪು ಗೊಣಗುತ್ತ, ಹೊಗೆ ಬಿಡುತ್ತ, ಆ ಐರಾವತವನ್ನು ಹಲ್ಲು ಕಿತ್ತ ಹಾಗೆ ಕೆಸರಿನಿಂದ ಕಿತ್ತು ಇಟ್ಟಿತು. ಟೆರೇಸುಗಳ ಮೇಲಿನಿಂದ ಜನ ಚಪ್ಪಾಳೆ ತಟ್ಟಿದರು. ಕಾರಿನ ಯಜಮಾನರು ಕೈ ಹಿಡಿದುಕೊಂಡು, ನಿಮ್ಮ ಉಪಕಾರ ಹೇಗೆ ತೀರಿಸಲಿ ಅಂಕಲ್ ಎಂದರು. ಹಗ್ಗ ಸಿಕ್ಕಿಸುವಾಗಲೇ ನೋಡಿದ್ದರಂತೆ ಭಾವ.

"ನಿಮ್ ಕಾರಿನ ಕೊಕ್ಕೆ ಸೆಂಟರಲ್ಲಿ ಇಲ್ಲ," ಎಂದರು. "ರಿಜೆಕ್ಟ್ ಆಗ್ಬೇಕಿತ್ತು. ಹೇಗೆ ಬಿಟ್ರೋ."

ಡಿಸೆಂಬರಿನಲ್ಲಿ ಜಯನಗರದ ಒಂದು ಮೈದಾನದಲ್ಲಿ ಹಳೆಯ ವಾಹನಗಳ ಪ್ರದರ್ಶನವಿದೆ, ಅಚ್ಚುಕಟ್ಟಾಗಿ ಮೂಲರೂಪಕ್ಕೆ ತಂದ ವಾಹನಕ್ಕೆ ಬಹುಮಾನವಿದೆ ಎಂದು ತಿಳಿದ ಮೇಲಂತೂ ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೀವಮಾನವೆಲ್ಲ ಬೇರೆಯವರ ಕೆಲಸಕ್ಕೆ ಅಂಕ ಹಾಕಿದವರು ಈಗ ತಮ್ಮ ಕೆಲಸಕ್ಕೆ ಹಾಕಿಸಿಕೊಳ್ಳಬೇಕಲ್ಲ! ನಾನು ಜೀಪಿಗೆ ಒರಗಿದರೆ ನನ್ನ ಬಳೆ ತಾಗಿ ಗೀರು ಬೀಳುತ್ತದೆ ಎಂದು ಬಳೆ ಬಿಚ್ಚಿಸಿದರು. ಧೂಳು ಬೀಳುತ್ತದೆಂದು ಅಕ್ಕನಿಗೆ ಅಂಗಳ ಗುಡಿಸಬೇಡ ಎಂದರು. ಅಕ್ಕ ರಂಗೋಲಿಯನ್ನು ಗೇಟಿನ ಹೊರಗೆ ಹಾಕತೊಡಗಿದಳು.

ಹಾಗೆ ರಂಗೋಲಿ ಹಾಕಲು ಹೊರಟ ಒಂದು ಬೆಳಗ್ಗೆಯೇ ಅವಳು ಪೋರ್ಟಿಕೋದಲ್ಲಿ ಜಾರಿ ಬಿದ್ದಳು. ಜೀಪಿನ ಕೆಳಗಿನಿಂದ ಆಯಿಲ್ ತೊಟ್ಟಿಕ್ಕಿ ಹರಿದಿತ್ತು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಕೆಲವು ವಾರ ಮಂಚ, ಆಮೇಲೆ ವಾಕರ್ ಎಂದರು ಡಾಕ್ಟರು. ಎತ್ತರಕ್ಕೆ ಹತ್ತುವುದು, ಇಳಿಯುವುದು ಬೇಡವೇ ಬೇಡ, ಕಾಲು ಅಷ್ಟು ಮೇಲಕ್ಕೆ ಎತ್ತಲಾಗುವುದಿಲ್ಲ ಎಂದೂ ಹೇಳಿದರು.

ಅಕ್ಕ ಆಯಿಲ್ಲಿನ ಹೆಸರು ಎತ್ತಲಿಲ್ಲ. ಕಾಲು ಜಾರಿತು ಎಂದಷ್ಟೇ ಬಂದವರಿಗೆಲ್ಲ ಹೇಳಿದಳು.

ಮನೆಗೆ ಕರೆತಂದ ಮೇಲೆ ನಾನು ದಿನಾ ಕಚೇರಿ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಜೀಪಿನ ಮೇಲೆ ಟಾರ್ಪಾಲು ಬಿದ್ದಿತ್ತು. ಭಾವ ಅಕ್ಕನ ಕಾಲದೆಸೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಸುಮ್ಮನೆ. ಕಾಲು ಕೂಡ ಅಲ್ಲಾಡುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದರು, ಗಂಜಿ ಕಾಯಿಸುತ್ತಿದ್ದರು, ಮತ್ತೆ ಬಂದು ಕೂರುತ್ತಿದ್ದರು. ಕ್ಯಾಲೆಂಡರು ವಾರೆಯಾಗಿ ನೇತಾಡುತ್ತಿತ್ತು. ನಾನು ಬೇಕಂತಲೇ ನೀರಿನ ಲೋಟವನ್ನು ಮೇಜಿನ ಅಂಚಿನಲ್ಲಿ ಅರ್ಧ ಹೊರಗೆ ಬರುವ ಹಾಗೆ ಇಟ್ಟೆ. ಅವರು ಅದರ ಕಡೆ ನೋಡಲೂ ಇಲ್ಲ. ಆಗ ನನಗೆ ನಿಜವಾಗಿಯೂ ಭಯವಾಯಿತು.

ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದಾಗ ಹಿಂದೆ ಬಂದು ನಿಂತರು.

"ಆಯಿಲ್ ಸೀಲು ಹೊಸ್ದು ಸಿಗ್ತಿತ್ತು ಕಣೇ," ಎಂದರು. "ರಬ್ಬರ್‌ದು. ಅಂಗಡಿಯವ್ನು ಕೈಗೇ ಕೊಟ್ಟ. ನಾನೇ ಬೇಡ ಅಂದೆ. ಒರಿಜಿನಲ್ ಚರ್ಮದ್ದು ಅಂತ ಹುಡುಕಿ ಹಾಕ್ದೆ. ಅದು ಸೋರತ್ತೆ ಅಂತ ಗೊತ್ತಿತ್ತು ನಂಗೆ."

ಕಾಫಿ ಲೋಟ ಕೈಗೆ ಕೊಟ್ಟೆ. ಸಕ್ಕರೆ ಹಾಕುವುದನ್ನು ಮರೆತಿದ್ದೆ. ಹಾಗೇ ಕುಡಿದರು.

ಅವರು ಹೀಗೆ ಕೂತಿರುವುದನ್ನು ನೋಡಿ ಚಡಪಡಿಸತೊಡಗಿದವಳು ಅಕ್ಕ. ಮಂಚದ ಮೇಲೆ ಅತ್ತ ಹೊರಳುವಂತಿಲ್ಲ, ಇತ್ತ ಹೊರಳುವಂತಿಲ್ಲ. ಬಾಯಿ ಮಾತ್ರ ಸ್ವತಂತ್ರವಾಗಿತ್ತು. ಪೇಪರು ಓದಿ ಎಂದಳು, ತರಕಾರಿ ತನ್ನಿ ಎಂದಳು, ಎದುರು ಮನೆಯ ಗೇಟು ಮತ್ತೆ ವಾರೆಯಾಗಿದೆಯಂತೆ ನೋಡಿ ಬನ್ನಿ ಎಂದು ಆಸೆ ಕೂಡ ತೋರಿಸಿದಳು. ಅವರು ಏಳಲಿಲ್ಲ. ಒಂದು ಭಾನುವಾರ ಅವಳಿಗೆ ತಡೆಯಲಾಗಲಿಲ್ಲ.

"ಮೂಳೆ ಮುರಿದಿರೋದು ನಂದೋ ನಿಮ್ದೋ?" ಎಂದಳು. "ನೀವು ಹೀಗೆ ಕೂತ್ರೆ ನಾನು ಏಳಲ್ಲ, ಹೇಳಿಬಿಟ್ಟಿದೀನಿ. ಹೋಗಿ ಆ ಜೀಪ್ ಮುಗಿಸಿ."

ಭಾವ ಎದ್ದು, ಹೋಗುವಾಗ ಕ್ಯಾಲೆಂಡರನ್ನು ನೇರ ಮಾಡಿ, ಹೊರಗೆ ಹೋದರು. ಅಕ್ಕ ದಿಂಬಿಗೆ ಮುಖ ತಿರುಗಿಸಿಕೊಂಡು ಅತ್ತಳು. ನೋವಾಗುತ್ತಿದೆಯಾ ಎಂದು ಕೇಳಿದ್ದಕ್ಕೆ ಇಲ್ಲ ಎಂದಳು.

ಮುಂದಿನ ದಿನಗಳಲ್ಲಿ ಪೋರ್ಟಿಕೋದಿಂದ ಸುತ್ತಿಗೆಯ ಸದ್ದು, ಡ್ರಿಲ್ಲಿನ ಸದ್ದು, ಒಂದು ದಿನ ವೆಲ್ಡಿಂಗಿನ ಸದ್ದೂ ಕೇಳಿತು. ಯಾರೂ ಹತ್ತಿರ ಹೋಗುವಂತಿರಲಿಲ್ಲ. ನೆಲ ಮಾತ್ರ ಒಣಗಿತ್ತು. ಸೀಲು ಬದಲಾಗಿತ್ತೆಂದು ಕೇಳದೆಯೇ ತಿಳಿಯಿತು.

ಪ್ರದರ್ಶನದ ಬೆಳಗ್ಗೆ ನಾನು ಅಕ್ಕನ ಬಳಿ ಇರಲೆಂದು ಹೋದೆ. ನೋಡಿದರೆ ಅಕ್ಕ ರೇಷ್ಮೆ ಸೀರೆ ಉಟ್ಟು ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಟಾರ್ಪಾಲು ಸರಿದಿತ್ತು. ಹಸಿರು ಜೀಪು ಎಳೆಬಿಸಿಲಿನಲ್ಲಿ ನಿಜವಾಗಿಯೂ ಅಂದೇ ಕಾರ್ಖಾನೆಯಿಂದ ಇಳಿದ ಹಾಗಿತ್ತು. ಎಡಗಡೆ ಮಾತ್ರ, ಹತ್ತುವ ಜಾಗದಲ್ಲಿ, ಎರಡು ಮೆಟ್ಟಿಲುಗಳು. ಅಕ್ಕನ ಕಾಲು ಎಷ್ಟು ಏಳುತ್ತದೋ ಅಷ್ಟೇ ಎತ್ತರದವು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಹಿಡಿಕೆ. ಸೀಟಿನ ಮೇಲೆ ದಪ್ಪನೆಯ ಕುಶನ್ನು. ನನ್ನ ಬಳೆ ಬಿಚ್ಚಿಸಿದ ಮನುಷ್ಯ ಆ ಮೈಗೆ ಡ್ರಿಲ್ ಹಾಕಿದ್ದರು! ಏನಿದು ಭಾವ ಎಂದು ಕೇಳಿದೆ. ಅವರು ಆಗಲೇ ಹೊಳೆಯುತ್ತಿದ್ದ ಕನ್ನಡಿಯನ್ನು ಇನ್ನಷ್ಟು ಒರೆಸತೊಡಗಿದರು.

ಮೈದಾನದಲ್ಲಿ ತೀರ್ಪುಗಾರರು ಬಂದರು. ಅವರಲ್ಲಿ ಬಿಳಿ ಟೋಪಿ ಹಾಕಿದ್ದ ಒಬ್ಬರು ಟಾರ್ಚು ಹಿಡಿದು ಅಡಿಗೆ ನುಸುಳಿದರು, ಸ್ಕ್ರೂಗಳನ್ನು ಮುಟ್ಟಿ ನೋಡಿದರು, ಹಾರನ್ ಒತ್ತಿಸಿ ಕಣ್ಣು ಮುಚ್ಚಿ ಕೇಳಿದರು. ಈ ಹಸಿರು ನಿಮಗೆಲ್ಲಿ ಸಿಕ್ಕಿತು ಎಂದು ಬೆರಗಾಗಿ ಕೇಳಿದಾಗ ಅಕ್ಕ ನಗು ತಡೆದುಕೊಂಡಳು. ಆಮೇಲೆ ಎಡಗಡೆಗೆ ಬಂದು ನಿಂತರು.

"ಇದೇನ್ ಸಾರ್ ಮೆಟ್ಲು? ಒರಿಜಿನಲ್ ಅಲ್ವಲ್ಲ."

"ಅಲ್ಲ," ಎಂದರು ಭಾವ.

ತೀರ್ಪುಗಾರರಿಗೆ ನಿಜಕ್ಕೂ ಬೇಸರವಾಗಿತ್ತು. ಉಳಿದದ್ದೆಲ್ಲ ಇಷ್ಟು ಅಪ್ಪಟವಾಗಿದೆ, ಇದೊಂದಕ್ಕಾಗಿ ಬಿಟ್ಟುಕೊಡಬೇಡಿ, ಮಧ್ಯಾಹ್ನದವರೆಗೆ ಸಮಯವಿದೆ, ಬಿಚ್ಚಿಡಿ, ಮತ್ತೆ ಬಂದು ನೋಡುತ್ತೇನೆ ಎಂದರು. ಮೇಲೆ ಕೂತಿದ್ದ ಅಕ್ಕನಿಗೂ ಕೇಳಿಸಿತು. ನಾನು ಇಳಿದುಬಿಡುತ್ತೇನೆ, ತೆಗೆಯಿರಿ ಎಂದು ವಾಕರ್‌ಗೆ ಕೈ ಚಾಚಿದಳು. ಭಾವ ವಾಕರನ್ನು ದೂರ ಸರಿಸಿದರು.

"ಬೇಡ ಸಾರ್," ಎಂದರು. "ನಮ್ಮನೆಯವ್ರು ಹತ್ಬೇಕಲ್ಲ."

ಬಹುಮಾನ ಯಾರಿಗೆ ಬಂತೋ ನನಗೆ ಗೊತ್ತಿಲ್ಲ. ನಾವು ಅಲ್ಲಿಯವರೆಗೆ ನಿಲ್ಲಲಿಲ್ಲ. ಮನೆಯಿಂದ ಹೊರಗೆ ಬಂದು ಎಷ್ಟೋ ಕಾಲವಾಗಿದ್ದ ಅಕ್ಕ, ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಜಯನಗರದ ಬ್ಲಾಕುಗಳನ್ನೆಲ್ಲ ಸುತ್ತಿಸಿದಳು. ಹಿಂದೆ ಕೂತಿದ್ದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಗಾಳಿಗೆ ಹಾರುವ ಕೂದಲಷ್ಟೇ ಕಾಣುತ್ತಿತ್ತು. ಭಾವ ಒಂದೊಂದು ಉಬ್ಬನ್ನೂ ಹೆರಿಗೆಗೆ ಕರೆದೊಯ್ಯುವವರ ಹಾಗೆ ದಾಟಿಸುತ್ತಿದ್ದರು.

ಮನೆ ಬಂತು. ಅಕ್ಕ ಹಿಡಿಕೆಯನ್ನು ಹಿಡಿದು, ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು ಎಂದು ನಿಧಾನವಾಗಿ ನೆಲಕ್ಕೆ ಇಳಿದಳು. ನಿಂತು ಉಸಿರು ತೆಗೆದುಕೊಂಡು, ತಿರುಗಿ ಒಮ್ಮೆ ನೋಡಿದಳು.

"ಹಿಡಿಕೆ ಒಂಚೂರು ಕೆಳಗೆ ಇದ್ದಿದ್ರೆ ಚೆನ್ನಾಗಿತ್ತು, ಕಣ್ರೀ," ಎಂದಳು.

ಭಾವ ಡ್ರಿಲ್ ತರಲು ಒಳಗೆ ಹೋದರು.